ಮೂರು ಸಲ ತುಳಿಯುವ ಬ್ರೇಕು

ಫೆಬ್ರವರಿ ೨೦, ಶುಕ್ರವಾರ. ಬೆಳಿಗ್ಗೆ

ಕಾರು ಹೊರಟಿತು. ನಾಲ್ಕನೆಯ ಯತ್ನಕ್ಕೆ. ಹೀಟರಿನದು ಇವತ್ತೂ ಮೌನವ್ರತ. ಹೊರಗಿಗಿಂತ ಒಳಗೆ ಚಳಿ ಹೆಚ್ಚು — ಹೇಗೆಂದು ವಿಜ್ಞಾನಿಗಳೇ ಹೇಳಬೇಕು. ಗಾಜಿನ ಒಳಮೈಗೆ ಕಟ್ಟಿದ್ದ ಮಂಜನ್ನು ಲೈಬ್ರರಿ ಕಾರ್ಡಿನಿಂದ ಕೆರೆದೆ. ಆ ಕಾರ್ಡು ಇಷ್ಟಾದರೂ ಉಪಯೋಗಕ್ಕೆ ಬಂತು.

ನನ್ನ ಸಿದ್ಧಾಂತ ಗಟ್ಟಿ. ಈ ದೊಡ್ಡ ಸರೋವರದ ದಡದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎಂಥ ಕಾರನ್ನು ತಂದರೂ ಐದು ವರ್ಷಕ್ಕೆ ಉಪ್ಪಿನಕಾಯಿ. ಹಾಗಿರುವಾಗ ಮೊದಲೇ ಉಪ್ಪಿನಕಾಯಿಯಾದದ್ದನ್ನು ಕೊಳ್ಳುವವನೇ ಜಾಣ. ಊರಿನಲ್ಲಿ ಯಾರಾದರೊಬ್ಬ ಅಜ್ಜ ತೀರಿಕೊಂಡರೆ ಒಂದು ಉದ್ದನೆಯ ಕಂದು ಕಾರು ಮಾರಾಟಕ್ಕೆ ಬರುತ್ತದೆ. ಎಲ್ಲ ಅಜ್ಜಂದಿರದೂ ಅದೇ ಕಾರು, ಅದೇ ಕಂದು. ಶವಯಾತ್ರೆಗೆ ಹೋದವನು ಕಾರು ನೋಡಿಕೊಂಡೇ ಬರುತ್ತೇನೆ ಎಂದು ನೋರೀನ್ ಆಡಿಕೊಳ್ಳುತ್ತಾಳೆ. ಹೆಂಡತಿ ಎಂದಮೇಲೆ ಆಡಿಕೊಳ್ಳಲೇಬೇಕು. ಸುಳ್ಳೇನೂ ಅಲ್ಲ.

ಸದ್ಯದ್ದರ ಗುಣಗಳು: ಬ್ರೇಕನ್ನು ಮೂರು ಸಲ ತುಳಿಯಬೇಕು, ಮೊದಲೆರಡು ಸಲ ಅದು ಕೇಳಿಸಿಕೊಳ್ಳುವುದಿಲ್ಲ. ಇಳಿಯಬೇಕಾದರೆ ಗಾಜು ಇಳಿಸಿ, ಕೈ ಹೊರಗೆ ಹಾಕಿ ಬಾಗಿಲು ತೆಗೆಯಬೇಕು. ರೇಡಿಯೋಗೆ ತಿರುಗಿಸುವ ಗುಬುಟಿಲ್ಲ. ಬೀಗಕ್ಕೆ ಚಮಚ ತೂರಿಸಿದರೂ ತಿರುಗುತ್ತದೆ. ಕದ್ದವನು ಮೊದಲ ತಿರುವಿನಿಂದಲೇ ವಾಪಸು ತಂದುಕೊಡುತ್ತಾನೆ ಎಂದೆ. “ಕಳ್ಳನಿಗೂ ಮಾನ ಇರುತ್ತೆ ಕ್ಲೇಟ್, ಮುಟ್ಟಲ್ಲ ಬಿಡು,” ಎಂದಳು ನೋರೀನ್.

ಇವತ್ತು ರೇಡಿಯೇಟರಿಗೆ ಎರಡು ಚಮಚ ಕರಿಮೆಣಸಿನ ಪುಡಿ ಹಾಕಿದೆ. ಸೋರುವುದಕ್ಕೆ ಹಿರಿಯರ ಮದ್ದು. ಸೋರುವುದು ನಿಂತರೆ ಹೀಟರೂ ಬಂದೀತು. ಈಸ್ಟರ್ ಮುಂಚಿನ ಉಪವಾಸದ ಕಾಲ, ಶುಕ್ರವಾರ ಮಾಂಸವಿಲ್ಲ; ಸಂಜೆ ಚರ್ಚಿನಲ್ಲಿ ಮೀನೂಟ.

ಫೆಬ್ರವರಿ ೨೧, ಶನಿವಾರ

ಪವಾಡ.

ನಿನ್ನೆ ಊಟ ಮುಗಿಸಿ ಹೊರಬಂದಾಗ ಹಿಮ ಸುರಿಯುತ್ತಿತ್ತು. ಚರ್ಚಿನ ಅಂಗಳದಲ್ಲಿ ಕಾರುಗಳೆಲ್ಲ ಬಿಳಿ ಗುಡ್ಡಗಳು. ನೋರೀನ್ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯಲು ಉಳಿದಳು. ನಾನು ನನ್ನ ಗುಡ್ಡವನ್ನು ಅಗೆದು, ಸವೆದ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹೊರಟಿತು! ಬ್ಯಾಂಕಿನ ಮುಂದೆ ಬರುವಷ್ಟರಲ್ಲಿ ಕಾಲಬುಡದಲ್ಲಿ ಬಿಸಿಗಾಳಿ. ನಿಜವಾದ ಬಿಸಿಗಾಳಿ. ಕಣ್ಣಲ್ಲಿ ನೀರು ಬಂತು.

ಕರಿಮೆಣಸು!

ಬಾಗಿಲೂ ಒಳಗಿನಿಂದಲೇ ತೆಗೆಯುತ್ತಿದೆ. ಕಬ್ಬಿಣ ಬಿಸಿಗೆ ಹಿಗ್ಗಿರಬೇಕು. ಪೆಟ್ರೋಲಿನ ಮುಳ್ಳು ಟ್ಯಾಂಕು ತುಂಬಿದೆ ಎನ್ನುತ್ತಿದೆ — ಅಂದರೆ ಮುಳ್ಳು ಕೆಟ್ಟಿದೆ. ಒಂದು ವಾಸಿಯಾದರೆ ಇನ್ನೊಂದು ಕೆಡುವುದು ಪ್ರಕೃತಿಯ ನಿಯಮ. ರೇಡಿಯೋಗೆ ಗುಬುಟು ಬಂದಿದೆ. ನೋರೀನ್ ಹಾಕಿಸಿರಬೇಕು. ಕೇಳಲಿಲ್ಲ. ಕೇಳಿದರೆ ಥ್ಯಾಂಕ್ಸ್ ಹೇಳಬೇಕಾಗುತ್ತದೆ.

ಫೆಬ್ರವರಿ ೨೪, ಮಂಗಳವಾರ

ನೋರೀನಳ ಹಣೆ ಊದಿದೆ. ತಪ್ಪು ನನ್ನದಲ್ಲ, ಅಭ್ಯಾಸದ್ದು. ಸಿಗ್ನಲಿನಲ್ಲಿ ಎಂದಿನಂತೆ ಮೂರು ಸಲ ತುಳಿದೆ. ಮೊದಲನೆಯದಕ್ಕೇ ಕಾರು ಕಲ್ಲಾಗಿ ನಿಂತಿತು. ಬ್ರೇಕೂ ವಾಸಿ! ಕರಿಮೆಣಸು ಬ್ರೇಕಿಗೆ ಹೇಗೆ ಹೋಯಿತೆಂದು ಅವಳು ಕೇಳಿದಳು. ಎಲ್ಲ ಒಳಗೊಳಗೇ ಸಂಬಂಧ ಇರುತ್ತದೆ ಎಂದೆ.

ಬೂದಿ ಹಾಕುವ ತಟ್ಟೆಯಲ್ಲಿ ಒಂದು ಹಿಡಿ ಪೆಪ್ಪರ್‌ಮಿಂಟು ಸಿಕ್ಕಿತು. ಹಿಂದಿನ ಅಜ್ಜನದಿರಬೇಕು, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಈಸ್ಟರ್ ತನಕ ಸಿಹಿ ಮುಟ್ಟುವುದಿಲ್ಲ ಎಂದು ವ್ರತ ಹಿಡಿದಿದ್ದೇನೆ. ಪೆಪ್ಪರ್‌ಮಿಂಟು ಸಿಹಿಯಲ್ಲ, ಔಷಧಿ. ಖಾಲಿ ಮಾಡಿದೆ.

ಫೆಬ್ರವರಿ ೨೮, ಶನಿವಾರ

ನಿನ್ನೆಯ ಮೀನೂಟದಲ್ಲಿ ನನ್ನದೇ ಉಪನ್ಯಾಸ. ಸೌಟು ಹಿಡಿದವರೂ ಕೇಳಿದರು. ಆರಿನ್ ತನ್ನ ಪಿಕಪ್ಪಿಗೂ ಕರಿಮೆಣಸು ಹಾಕುತ್ತಾನಂತೆ. ನಲವತ್ತು ವರ್ಷದ ಗೆಳೆತನದಲ್ಲಿ ಅವನು ನನ್ನ ಮಾತು ಕೇಳಿದ್ದು ಇದೇ ಮೊದಲು.

ಮಿಸೆಸ್ ವುಕೆಲಿಚ್ ಬಂದಿರಲಿಲ್ಲ. ನಮಗೆಲ್ಲ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಎಂಬತ್ತು ದಾಟಿದೆ. ಗಂಡ ಆಂಟೋನ್ ಹೋದಮೇಲೂ ಶುಕ್ರವಾರದ ಮೀನು ತಪ್ಪಿಸಿದವರಲ್ಲ. ಯಾರೋ, ಅವರ ಕಾರು ಹಿಮದ ದಿಬ್ಬಕ್ಕೆ ಗುದ್ದಿತಂತೆ, ಪೆಟ್ಟಾಗಿಲ್ಲ ಎಂದರು. ನಾನು ಮೀನಿನ ಮುಳ್ಳು ತೆಗೆಯುತ್ತ, ಆ ವಯಸ್ಸಿನಲ್ಲಿ ಸ್ಟೀರಿಂಗ್ ಬಿಟ್ಟುಬಿಡುವುದೇ ಮರ್ಯಾದೆ ಎಂದು ತೀರ್ಪು ಕೊಟ್ಟೆ. ಎಲ್ಲರೂ ತಲೆದೂಗಿದರು. ಕಾರು ವಾಸಿಮಾಡಿದವನ ಮಾತಿಗೆ ತೂಕ ಬಂದಿತ್ತು.

ಮಾರ್ಚ್ ೩, ಮಂಗಳವಾರ

ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಆರಿನ್ ಸಿಕ್ಕಿದ. ಪಿಕಪ್ಪು ಕುದಿದು ನಿಂತಿತಂತೆ. ಮೆಕ್ಯಾನಿಕ್ ರೇಡಿಯೇಟರಿನಿಂದ ಸೂಪು ತೆಗೆದನಂತೆ. ನನ್ನನ್ನು ಬೈದು ಮುಗಿಸಿ, ಉಸಿರಿಗೆಂದು ನಿಂತಾಗ ಮಿಸೆಸ್ ವುಕೆಲಿಚ್ ಸುದ್ದಿ ತೆಗೆದ. ಅವರ ಡ್ರೈವಿಂಗ್ ಮುಗಿಯಿತು. ಬರುವ ಸೋಮವಾರ ಮಗಳು ಬಂದು ಕರೆದುಕೊಂಡು ಹೋಗಿ ಲೈಸೆನ್ಸ್ ಒಪ್ಪಿಸುತ್ತಾಳೆ.

“ಪಾಪ ಕಣೋ,” ಎಂದ ಆರಿನ್. “ಕಾಲಲ್ಲಿ ಶಕ್ತಿನೇ ಇಲ್ವಂತೆ. ಬ್ರೇಕು ಒಂದ್ಸಲ ತುಳಿದ್ರು, ನಿಲ್ಲಲಿಲ್ಲ. ಎರಡ್ಸಲ, ನಿಲ್ಲಲಿಲ್ಲ. ಮೂರನೇ ಸಲಕ್ಕೆ ನಿಲ್ತಂತೆ, ಅಷ್ಟ್ರಲ್ಲಿ ದಿಬ್ಬ ಬಂದಿತ್ತು. ಬೆರಳಲ್ಲೂ ಬಲ ಇಲ್ಲ, ಕಾರಿನ ಬಾಗಿಲು ತೆಗೆಯಕ್ಕಾಗಲ್ಲ. ಹೀಟರ್ ಹಾಕಿದ್ರೂ ಮೈಗೆ ಚಳಿನಂತೆ.”

ಕಾರನ್ನು ತೋರಿಸಬಾರದಿತ್ತೇ ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

“ನಾನೂ ಅದನ್ನೇ ಕೇಳ್ದೆ. ಆಂಟೋನ್ ಅದನ್ನ ಮಗು ಥರ ನೋಡ್ಕೊಂಡಿದ್ರು, ಕಾರು ಕೆಟ್ಟಿಲ್ಲ, ಕೆಟ್ಟಿದ್ದು ನಾನೇ ಅಂದ್ರು.”

ಕಾಫಿ ಬಿಟ್ಟು ಹೊರಗೆ ಬಂದೆ. ಕಾರಿನ ಹಿಂದೆ ಮೊಣಕಾಲೂರಿ, ನಂಬರ್ ಪ್ಲೇಟಿಗೆ ಕಟ್ಟಿದ್ದ ಉಪ್ಪು, ಮಂಜು, ಕೆಸರನ್ನು ಲೈಬ್ರರಿ ಕಾರ್ಡಿನಿಂದ ಕೆರೆದೆ. ಒಂದೊಂದೇ ಅಂಕಿ ಕಂಡಿತು.

ನನ್ನ ನಂಬರಲ್ಲ.

ಮಾರ್ಚ್ ೪

ಮೊದಲ ಮೀನೂಟದ ಆ ಸಂಜೆ ಹಿಮದಡಿ ಎರಡು ಕಂದು ಕಾರುಗಳು: ನನ್ನದು, ಮಿಸೆಸ್ ವುಕೆಲಿಚರದು. ನನ್ನ ಸವೆದ ಕೀ ಅವರದಕ್ಕೆ ತಿರುಗಿತು. ಅವರ ಕೀ ನನ್ನದಕ್ಕೆ. ಒಳ್ಳೆಯ ಕಾರಿನಲ್ಲಿ ಕೂತಾಗ, ಇದು ನನ್ನದಿರಲಾರದು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕರಿಮೆಣಸು.

ಆ ಬ್ರೇಕಿನಲ್ಲಿ ಸರೋವರದ ಇಳಿಜಾರು ಇಳಿದಿದ್ದರೆ? ಬರೆಯಲಾರೆ.

ಮಾರ್ಚ್ ೫, ಗುರುವಾರ

ನೇರವಾಗಿ ಹೇಳುವುದು ಗಂಡಸುತನ. ಸದ್ದಿಲ್ಲದೆ ಕಾರು ಬದಲಿಸಿಬಿಡುವುದು ಜಾಣತನ. ಜಾಣನಾಗಲು ಹೊರಟೆ. ಮಧ್ಯಾಹ್ನ ಅವರು ಮಲಗಿರುತ್ತಾರೆಂಬ ಲೆಕ್ಕ. ನನ್ನ ಕಾರು ಅವರ ಅಂಗಳದಲ್ಲೇ ನಿಂತಿತ್ತು. ಮೂತಿಗೆ ದಿಬ್ಬದ ಪೆಟ್ಟು. ಎಂದಿಗಿಂತ ಶುಭ್ರವಾಗಿತ್ತು — ತೊಳೆದಿದ್ದರು!

ಬಾಗಿಲ ಹಿಡಿಗೆ ಕೈ ಇಟ್ಟೆ. ಕಿಟಕಿ ತೆರೆಯಿತು. “ಕ್ಲೇಟನ್? ಚಳೀಲಿ ಯಾಕೋ ನಿಂತಿದ್ದೀಯ? ಒಳಗೆ ಬಾ.”

ಹೋದೆ. ಅಕ್ರೋಟು ತುಂಬಿ ಸುತ್ತಿದ ಸಿಹಿ ರೊಟ್ಟಿ ಕೊಯ್ದು ಕೊಟ್ಟರು. ವ್ರತ. ಎರಡು ತುಂಡು ತಿಂದೆ. ಯಾಕೆ ಬಂದೆ ಎಂದು ಕೇಳಿದರು. ಹೀಗೇ ಸುಮ್ಮನೆ ಎಂದೆ. ಇನ್ನೂ ಯಾರಾದರೂ ಹೀಗೇ ಸುಮ್ಮನೆ ಬರುತ್ತಾರಲ್ಲ ಎಂದು ಅವರು ಖುಷಿಪಟ್ಟರು. ಅವರ ಕಾರಿನಲ್ಲೇ ಮನೆಗೆ ಬಂದೆ. ಬೆಚ್ಚಗೆ.

ನೋರೀನಳಿಗೂ ಹೇಳಿಲ್ಲ. ಭಾನುವಾರ ಮಿಸೆಸ್ ವುಕೆಲಿಚರನ್ನು ಚರ್ಚಿಗೆ ನಾವೇ ಕರೆದೊಯ್ಯುತ್ತೇವೆಂದು ಅವಳು ಫೋನಿನಲ್ಲಿ ಮಾತು ಕೊಟ್ಟಾಗಿದೆ. “ನಮ್ಮ ಕಾರಲ್ಲಿ ಹೀಟರ್ ಚೆನ್ನಾಗಿದೆ ಟೀಚರ್,” ಎಂದಳು. ನಾನು ಪಕ್ಕದಲ್ಲೇ ಇದ್ದೆ.

ಮಾರ್ಚ್ ೮, ಭಾನುವಾರ

ಅವರ ಕಾರಿನಲ್ಲಿ ಅವರನ್ನು ಚರ್ಚಿಗೆ ಬಿಟ್ಟೆ.

ಮುಂದಿನ ಸೀಟಿನಲ್ಲಿ ಕೂತರು. ನೋರೀನ್ ಹಿಂದೆ. ಅವರು ಕೈಗವಸು ತೆಗೆದು ಬಿಸಿಗಾಳಿಗೆ ಬೆರಳು ಹಿಡಿದರು. ಆ ಕೈ ತಾನಾಗಿಯೇ ಹೋಗಿ ಬೂದಿಯ ತಟ್ಟೆಯನ್ನು ಎಳೆಯಿತು. ಖಾಲಿ. ಮೆಲ್ಲನೆ ಮುಚ್ಚಿದರು. ರೇಡಿಯೋ ಗುಬುಟನ್ನು ಎರಡು ಬೆರಳಿನಿಂದ ಮುಟ್ಟಿದರು, ತಿರುಗಿಸಲಿಲ್ಲ. ಸಿಗ್ನಲ್ ಬಂತು. ಗಾಬರಿಗೆ ಮೂರು ಸಲ ತುಳಿದೆ. ಎಲ್ಲರೂ ಮುಗ್ಗರಿಸಿದೆವು. ಅವರು ನನ್ನ ಕಾಲನ್ನು ನೋಡಿದರು. ಆಮೇಲೆ ನನ್ನ ಮುಖವನ್ನು.

ಮೂರನೇ ಕ್ಲಾಸಿನಲ್ಲಿ ಸೀಮೆಸುಣ್ಣ ಕದ್ದವನು ತಾನಾಗಿ ಎದ್ದು ನಿಲ್ಲುವ ತನಕ ಹೀಗೇ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಕಾಯುತ್ತಿದ್ದರು.

ಚರ್ಚು ಬಂತು. ಬಾಗಿಲನ್ನು ತಾವೇ, ಒಳಗಿನಿಂದ, ಒಂದೇ ಸಲಕ್ಕೆ ತೆಗೆದು ಇಳಿದರು. ನಾನು ಏಳಲಿಲ್ಲ.

ಮಾರ್ಚ್ ೯, ಸೋಮವಾರ

ಮಗಳು ಹನ್ನೊಂದಕ್ಕೆ ಬರುವವಳಿದ್ದಳು. ಒಂಬತ್ತಕ್ಕೇ ಹೋದೆ. ಬಾಗಿಲು ತೆಗೆದಾಗ ಕೋಟು ಹಾಕಿಕೊಂಡೇ ಇದ್ದರು. ಲೈಸೆನ್ಸು ಮೇಜಿನ ಮೇಲಿತ್ತು. ಟೋಪಿ ತೆಗೆದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಹಿಮ, ಅಂಗಳ, ಕಂದು ಬಣ್ಣ, ಸವೆದ ಕೀ...

“ಹಿಮದ ಮೇಲೆ ಹಾಕ್ಬೇಡ, ಕ್ಲೇಟನ್. ನಿನಗೆ ಯಾವತ್ತು ಗೊತ್ತಾಯ್ತು?”

ಮಂಗಳವಾರ ಎಂದೆ.

“ಗುರುವಾರ ಬಂದು ರೊಟ್ಟಿ ತಿಂದೆಯಲ್ಲ.”

ತಿಂದೆ ಎಂದೆ.

ಕುರ್ಚಿಯಲ್ಲಿ ಕೂತರು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. “ಪೆಪ್ಪರ್‌ಮಿಂಟು ನಾನೇ ತಿಂದು ಮರೆತೆ ಅಂದ್ಕೊಂಡೆ ಕಣೋ. ಗುಬುಟು ನಾನೇ ಎಲ್ಲೋ ಇಟ್ಟೆ ಅಂದ್ಕೊಂಡು ಡ್ರಾಯರೆಲ್ಲ ಹುಡುಕ್ದೆ. ರಾತ್ರಿ ಮಲಗೋವಾಗ ಈ ಕಾಲಿಗೆ ಬೈತಿದ್ದೆ. ಇಷ್ಟು ವರ್ಷ ನಿಂತು ಪಾಠ ಹೇಳಿದ ಕಾಲು.” ಮೊಣಕಾಲನ್ನು ಒಮ್ಮೆ ಸವರಿದರು, ಬೈದ ಮಗುವನ್ನು ಸವರಿದ ಹಾಗೆ.

ಬಾಯಿಪಾಠ ಅಲ್ಲಿಗೇ ಬಿಟ್ಟು, ಪೆಪ್ಪರ್‌ಮಿಂಟು ತಿಂದವನು ನಾನು ಎಂದೆ.

ಮಗಳು ಬಂದಳು. ಅವಳಿಗೆ ನಾನೇ ಹೇಳಬೇಕಾಯಿತು. ಅವರು ಪಕ್ಕದಲ್ಲಿ ನಿಂತು, ಜೋರಾಗಿ ಹೇಳು ಎಂದರು. ಮಗಳು ಲೈಸೆನ್ಸನ್ನು ಮೇಜಿನಿಂದ ಎತ್ತಿ ಅಮ್ಮನ ಪರ್ಸಿನಲ್ಲಿಟ್ಟಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ನೋಡುತ್ತಿದ್ದಳು.

ಕಾರು ಅದಲುಬದಲಾಯಿತು. ನನ್ನ ಕಾರಿನೊಳಗೆ ಒಂದು ಉಣ್ಣೆಯ ಕಂಬಳಿ, ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲಿತ್ತು. ಅದನ್ನು ಹೊದ್ದುಕೊಂಡು ಓಡಿಸುತ್ತಿದ್ದರು. ವಾಪಸು ಕೊಡಲು ಹೋದೆ. “ಇಟ್ಕೊ. ನಿನಗೆ ಬೇಕಾಗುತ್ತೆ,” ಎಂದರು.

ಅವರ ಟ್ಯಾಂಕು ತುಂಬಿಸಿ ಕೊಟ್ಟೆ ಎಂದು ಬರೆಯುವ ಆಸೆ ಇದೆ. ಮುಳ್ಳು ಕೆಟ್ಟಿದೆಯೆಂದು ನಂಬಿ ಓಡಿಸಿದ್ದೆ. ಕಾಲು ಭಾಗ ಉಳಿದಿತ್ತು. ನೋರೀನ್ ಎಲ್ಲ ಕೇಳಿ, ಹೋಗಿ ತುಂಬಿಸಿ ಬಂದಳು. ಪೆಪ್ಪರ್‌ಮಿಂಟನ್ನೂ. ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ಮಾರ್ಚ್ ೧೨

ಕಾರನ್ನು ಬ್ರೇಕಿಗೆ ಬಿಟ್ಟಿದ್ದೇನೆ. ಇಂಥ ಕಾರಿಗೆ ರಿಪೇರಿ ಮಾಡಿಸಬಾರದೆಂಬುದು ಸಿದ್ಧಾಂತದ ಎರಡನೆಯ ಕಲಮು. ಸಿದ್ಧಾಂತ ಹಾಳಾಗಲಿ. ಒಂದು ಸಲ ತುಳಿದರೆ ನಿಲ್ಲಬೇಕು ಎಂದೆ. ಮೆಕ್ಯಾನಿಕ್ ಆಶ್ಚರ್ಯಪಟ್ಟ. ಹೀಟರ್? ಅದು ಬೇಡ ಎಂದೆ. ಕಂಬಳಿ ಇದೆ.

ಮಾರ್ಚ್ ೧೩, ಶುಕ್ರವಾರ. ಸಂಜೆ ಐದು

ಮೀನೂಟ. ಊರಿನವರಿಗೆಲ್ಲ ಇನ್ನೂ ಅದೇ ಸುದ್ದಿ — ಟೀಚರ ಕಾಲು ಹೋಯಿತಂತೆ, ಬುದ್ಧಿಯೂ ಮಂಕಾಗುತ್ತಿದೆಯಂತೆ. ನಿನ್ನೆ ಅಂಚೆ ಕಚೇರಿಯಲ್ಲಿ ಅವರು ಕಾರಿನಿಂದ ಇಳಿದಾಗ ಒಬ್ಬಾತ ಓಡಿಬಂದು ಕೈ ಹಿಡಿದನಂತೆ. ಅವರಿಗೆ ತಡೆಯಲಾಗಿಲ್ಲ. ನನಗೆ ಫೋನು ಮಾಡಿ ಅಪ್ಪಣೆ ಕೊಟ್ಟರು. ತೀರ್ಪು ಕೊಟ್ಟ ಜಾಗದಲ್ಲೇ ತಿದ್ದುಪಡಿ ಆಗಬೇಕು. ನಿಂತುಕೊಂಡು. ಕೊನೆಯ ಬೆಂಚಿಗೂ ಕೇಳಿಸುವ ಹಾಗೆ. ಹಿಮ, ಕೀ, ಕಂದು ಬಣ್ಣ ಒಂದೂ ಬರಬಾರದು.

ಆರಿನ್ ಇರುತ್ತಾನೆ. ಸೌಟು ಹಿಡಿದವರೂ ಇರುತ್ತಾರೆ. ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಅಭ್ಯಾಸ. ಮೊದಲರ್ಧ ಸಲೀಸಾಗಿ ಬರುತ್ತದೆ, ದ್ವಿತೀಯಾರ್ಧ ಬಂದಾಗಲೆಲ್ಲ ಕನ್ನಡಿ ಒರೆಸಲು ನಿಲ್ಲುತ್ತೇನೆ.

ಹೊರಗೆ ಹಾರ್ನು. ನಮ್ಮನ್ನು ಕರೆದೊಯ್ಯಲು ಅವರೇ ಬಂದಿದ್ದಾರೆ. ನೋರೀನ್ ಆಗಲೇ ಹೋಗಿ ಮುಂದಿನ ಸೀಟು ಹಿಡಿದಳು. ಕಿಟಕಿಯಿಂದ ಕಾಣುತ್ತಿದೆ: ಒಂದೇ ಸಲ ತುಳಿದರು, ಗೇಟಿಗೆ ಸರಿಯಾಗಿ ನಿಂತಿತು.

ಇನ್ನೊಮ್ಮೆ ಬರೆದು ನೋಡುತ್ತೇನೆ.

ಮಿಸೆಸ್ ವುಕೆಲಿಚ್ ಅವರ ಕಾಲಿಗೆ ಏನೂ ಆಗಿಲ್ಲ, ಬುದ್ಧಿಗೂ ಏನೂ ಆಗಿಲ್ಲ. ಅವರ ಕಾರೂ ಚೆನ್ನಾಗಿದೆ. ಕೆಟ್ಟಿದ್ದು ನಾ—