ಬಲಗಡೆಯಿಂದ ಬಿಚ್ಚುವ ಪೇಟೆ

ಪ್ಯಾರಮಟ್ಟಾ, ಸಿಡ್ನಿ,
ಜೂನ್ ೨೦೦೮

ಟಾರ್ನೀಟಿನ ಹೊಸ ಮನೆಯ ಯಜಮಾನರಾದ ವಿರೂಪಾಕ್ಷ ಅವರಿಗೆ, ಹೆಂಡತಿ ಸಂಧ್ಯಾರಾಣಿಯ ನಮಸ್ಕಾರ.

ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು ಮಾರ್ಟ್‌ಗೇಜಿನ ಮಾತು ತೆಗೆಯುತ್ತೀರಿ, ನಾನು ಇಲ್ಲಿನ ನನ್ನ ಕೆಲಸದ ಮಾತು ತೆಗೆಯುತ್ತೇನೆ, ಅಲ್ಲಿಗೆ ಮುಗಿಯಿತು. ಸುದ್ದಿ ಏನೆಂದರೆ, ನಮ್ಮ ಚೀನೀ ಸುರುಳಿಚಿತ್ರವನ್ನು ನಾವು ಇಷ್ಟು ವರ್ಷ ತಪ್ಪಾಗಿ ನೋಡಿದ್ದೇವೆ.

ಮದುವೆಯ ಹೊಸತರಲ್ಲಿ ಚೈನಾಟೌನಿನಲ್ಲಿ ನೀವು ಕೊಡಿಸಿದ ಅದೇ ಚಿತ್ರ. ನೀವು ಮೆಲ್ಬರ್ನಿಗೆ ಹೋದಮೇಲೆ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಶನಿವಾರ ಅದನ್ನು ಹಾಲಿನುದ್ದಕ್ಕೂ ಬಿಚ್ಚಿ, ಒಂದು ತುದಿಗೆ ಲಟ್ಟಣಿಗೆ, ಇನ್ನೊಂದಕ್ಕೆ ಕುಕ್ಕರ್ ಮುಚ್ಚಳ ಹೇರಿದ್ದೆ. ಕೆಳಗಿನ ಫ್ಲ್ಯಾಟಿನ ಮಿಸೆಸ್ ಲಿನ್ ಬಂದವರು ಬಾಗಿಲಲ್ಲೇ ಹಣೆ ಚಚ್ಚಿಕೊಂಡರು. ಬಲಗಡೆಯಿಂದ ಬಿಚ್ಚಬೇಕಂತೆ, ಅದೂ ಒಂದು ಸಲಕ್ಕೆ ತೋಳಳತೆಯಷ್ಟೇ. ನೋಡಿದ್ದನ್ನು ಸುತ್ತುತ್ತ ಮುಂದೆ ಹೋಗಬೇಕಂತೆ.

ನಾವೋ, ಕನ್ನಡ ಓದುವವರ ಹಾಗೆ ಎಡಗಡೆಯಿಂದ ಶುರು. ಮೊದಲು ಪೇಟೆಯ ಗದ್ದಲ, ಕೊನೆಗೆ ಖಾಲಿ ಹೊಲ. ಪ್ರತಿಸಲ ನಿಮ್ಮದು ಒಂದೇ ಮಾತು: "ನೋಡಿಲ್ಲಿ, ಚಿತ್ರಾ ಬರದಾವನೂ ರೆಂಟ್ ತಾಳಲಾರದ ಹೊಲಕ್ಕ ಹೊಂಟಾನ." ಮೆಲ್ಬರ್ನಿನಾಚೆ ಹೊಲಗಳ ಅಂಚಿನ ಟಾರ್ನೀಟಿನಲ್ಲಿ ಮನೆ ಕೊಂಡದ್ದೂ ಅದೇ ಮಾತು ಹೇಳಿಕೊಂಡು. ನನ್ನನ್ನೊಂದು ಮಾತು ಕೇಳಲಿಲ್ಲ. ಈಗ ನೋಡಿದರೆ ಚಿತ್ರ ಶುರುವಾಗುವುದೇ ಹೊಲದಲ್ಲಿ. ಹೊರೆ ಹೊತ್ತ ಕತ್ತೆ, ಪಲ್ಲಕ್ಕಿ, ದೋಣಿ ಎಲ್ಲವೂ ಪೇಟೆಗೇ ಬರುತ್ತಿವೆ. ಇಷ್ಟು ವರ್ಷ ನಾವು ಕತ್ತೆಗಳಿಗೆ ಎದುರಾಗಿ ನಡೆದಿದ್ದೇವೆ! ಸೋತವರು ನೀವು. ಗಂಟುಮೂಟೆ ಕಟ್ಟಿಕೊಂಡು ಸಿಡ್ನಿಗೆ ಬನ್ನಿ.

ಗೆದ್ದ ಖುಷಿ ಸಂಜೆಯವರೆಗೂ ಬಾಳಲಿಲ್ಲ. ಬಿಚ್ಚುತ್ತ ಸುತ್ತುತ್ತ ಸೇತುವೆ ಪಕ್ಕದ ನೂಡಲ್ ಅಂಗಡಿಗೆ ಬಂದೆ. ಅಲ್ಲಿ ಒಬ್ಬನೇ ಕೂತು ಉಣ್ಣುವವನಿದ್ದಾನಲ್ಲ, ಅವನ ಹೊಟ್ಟೆ ನೋಡಿ ನಾವು ನಗುತ್ತಿದ್ದೆವು. ಈ ಸಲ ನಗು ಬರಲಿಲ್ಲ. ನೀವು ಅಲ್ಲಿ ಏನು ಉಣ್ಣುತ್ತೀರೋ, ಯಾರ ಜೊತೆ ಮಾತಾಡುತ್ತೀರೋ ಎನಿಸಿ ಅಳು ಬಂತು. ಸುರುಳಿ ಸುತ್ತಿಟ್ಟೆ.

ಮಿಸೆಸ್ ಲಿನ್ ದಿನಾ ಕೇಳುತ್ತಾರೆ, ಪೂರ್ತಿ ನೋಡಿದೆಯಾ ಎಂದು. ಏನು ಹೇಳಲಿ?

ಸಿಟ್ಟು ಇನ್ನೂ ಇರುವ, ನಿಮ್ಮ
ಸಂಧ್ಯಾರಾಣಿ

ತಾ.ಕ.: ಲಕೋಟೆಗೆ ಸ್ಟ್ಯಾಂಪ್ ಇಲ್ಲ, ನೋಡಿದಿರಾ? ನಾನೇ ಬಂದು ನಿಮ್ಮ ಮನೆಯ ಟಪಾಲು ಡಬ್ಬಿಗೆ ಹಾಕುತ್ತಿದ್ದೇನೆ. ಬೆಲ್ ಒತ್ತಲು ಧೈರ್ಯ ಬರುತ್ತಿಲ್ಲ. ಎದುರಿನ ಬಸ್ ಸ್ಟಾಪಿನಲ್ಲಿ ಸುರುಳಿ ಹಿಡಿದು ಕೂತಿರುತ್ತೇನೆ. ಕೊನೆಯ ಬಸ್ಸು ಹೋಗುವ ಮೊದಲು ಬನ್ನಿ. ಆ ಅಂಗಡಿಯಿಂದ ಮುಂದೆ ನಾನಿನ್ನೂ ನೋಡಿಲ್ಲ.