ಬತ್ತಳಿಕೆಯ ಗಲಗಲ

ಪುಟ್ಟೀ,

ನಿನ್ನ ಬತ್ತಳಿಕೆ ಹೊಲಿಗೆ ಮೆಷಿನ್ ಮೇಲಿದೆ. ಅಂಟು ಇನ್ನೂ ಹಸಿ, ಮಧ್ಯಾಹ್ನದವರೆಗೆ ಬಾಣ ತುಂಬಬೇಡ.

ಮೊನೆಗಳು ಚುಚ್ಚಿ ಚುಚ್ಚಿ ತಳ ಜರಡಿಯಾಗಿತ್ತಲ್ಲ, ಅಲ್ಲಿಗೆ ನನ್ನ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಕೂರಿಸಿದ್ದೇನೆ. ಮೂಗು ಮುರಿಯಬೇಡ, ತೊಳೆದೇ ಹಾಕಿದ್ದು. ಸೊಂಟಪಟ್ಟಿ ತೂರಿಸುವ ಕುಣಿಕೆಗೆ ದಪ್ಪ ದಾರದಲ್ಲಿ ಮರುಹೊಲಿಗೆ ಹಾಕಿದೆ. ಸೂಜಿ ಮುರಿಯಿತು, ಆದರೆ ಇನ್ನು ನೀನು ಓಡಿದರೂ ಅದು ಕಿತ್ತು ಬರಲ್ಲ.

ನಡೆದರೆ ಬಾಣ ಗಲಗಲ ಅನ್ನುತ್ತೆ, ಜೊತೆಯವರು ನಗ್ತಾರೆ ಅಂತ ನೀನು ಅಂದಿದ್ದೆ. ಅದಕ್ಕೇ ಒಳಗೆಲ್ಲ ಕಂಬಳಿ ತುಂಡು ಹಾಕಿದ್ದೇನೆ. ಅಂಟಿಸುವ ಮೊದಲು ಬಾಣ ತುಂಬಿ, ಸೊಂಟಕ್ಕೆ ಕಟ್ಟಿಕೊಂಡು ಮನೆಯೆಲ್ಲ ಓಡಾಡಿ ನೋಡಿದೆ. ತುಟಿಪಿಟಕ್ಕೆನ್ನಲಿಲ್ಲ. ನನ್ನ ವೇಷ ನೋಡಿ ನಗೋಕೆ ಮಾತ್ರ ಯಾರೂ ಇರಲಿಲ್ಲ.

ಇನ್ನೊಂದು ಮಾತು. ಅಭ್ಯಾಸ ಮುಗಿಸಿ ಬಂದವಳೇ ನೀನು ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯ. ಅಡುಗೆಮನೆಯಲ್ಲಿದ್ದ ನನಗೆ ನೀನು ಬಂದೆ ಅಂತ ತಿಳಿಯುತ್ತಿದ್ದದ್ದು ಆ ಗಲಗಲದಿಂದಲೇ. ಅದು ಕೇಳಿದ ಮೇಲೆ ಒಲೆ ಹಚ್ಚುತ್ತಿದ್ದೆ. ಈಗ ನನ್ನ ಕೈಯಾರೆ ಅದನ್ನೂ ನಿಲ್ಲಿಸಿದ್ದೇನೆ.

ಇವತ್ತಿನಿಂದ ಒಳಗೆ ಬರುವಾಗ "ಅಮ್ಮಾ" ಅಂತ ಒಂದು ಸಲ ಕೂಗು. ಆಮೇಲೆ ಬಾಗಿಲು ಹಾಕಿಕೋ, ಬೇರೇನೂ ಮಾತಾಡಬೇಕಿಲ್ಲ.

ಅಮ್ಮ