ನಿನ್ನಪ್ಪನ ಒಂದು ಮಾರು

ಲಾಸ್ತ್ರಿ, ನನ್ನ ಬಂಗಾರಿ,

ತೈವಾನಿನಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿ ಈಗಲಾದರೂ ನಿನ್ನ ಕೈಯಡುಗೆ ತಿನ್ನುತ್ತಾಳಾ? ಅಪ್ಪನ ಮಣ್ಣಿಗೂ ನಿನ್ನನ್ನು ಕಳಿಸಿಕೊಡದ ಮನೆಯ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ, ಬಿಡು. ನೀನು ಫೋನಿನಲ್ಲಿ ಅಳುತ್ತಾ, "ಒಂದ್ಸಲ ಅಪ್ಪನ್ನ ತಬ್ಬಿಕೊಳ್ಳೋಕೂ ಆಗ್ಲಿಲ್ವಲ್ಲೇ" ಅಂದೆ. ಆ ಮಾತಿಗೆ ಈಗ ನನ್ನ ಹತ್ತಿರ ಉತ್ತರವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಜ್ಜಂದಿರು ಬಾಲಿ ಬಿಟ್ಟು ಈ ಲಾಂಪುಂಗಿಗೆ ಬಂದಾಗಿನಿಂದ ದೇವರನ್ನು ಬಿದಿರಿನ ಗುಡಿಸಲಿನಲ್ಲೇ ಕೂರಿಸಿದ್ದೆವು. ನಿನ್ನಪ್ಪ, ನಮ್ಮ ಪಾರ್ಮಿನ್ ದೊಡ್ಡಪ್ಪ, ತಮ್ಮ ಕಾಫಿ ತೋಟದ ಮೂಲೆ ಬಿಟ್ಟುಕೊಟ್ಟ ಮೇಲೆಯೇ ನಾವು ಇಟ್ಟಿಗೆಯ ದೇವಸ್ಥಾನದ ಮಾತೆತ್ತಿದ್ದು. ಮಸೀದಿಯ ಗೆಳೆಯರು ಅವರನ್ನು ಕಾಡಿದ್ದು ಕಡಿಮೆಯೇ? "ಏನಯ್ಯಾ, ಮೆಕ್ಕಾಗೆ ಹೋಗ್ತೀನಿ ಅಂದೋನು ಬಾಲಿ ದಾರಿ ಹಿಡಿದೆಯಲ್ಲೋ!" ನಿನ್ನಪ್ಪ ನಗುತ್ತಾ, "ನಮಗೆ ಮಸೀದಿ ಇದೆ ಕಣ್ರೋ. ಇವರು ಪಾಪ, ಮಳೇಲಿ ನೆನ್ಕೊಂಡು ಪೂಜೆ ಮಾಡ್ತಾರೆ" ಅಂದಿದ್ದರು.

ನಮ್ಮಲ್ಲಿ ಗುಡಿಗೆ ಟೇಪು ಹಿಡಿಯುವುದಿಲ್ಲ. ಗುಡಿ ನೋಡಿಕೊಳ್ಳುವವನ ಮೈಯೇ ಅಳತೆ. ಅವನ ಮಾರು, ಮೊಳ, ಗೇಣನ್ನು ಬಿದಿರುಕೋಲಿನ ಮೇಲೆ ಗುರುತು ಹಾಕಿಕೊಂಡು ಅದರಂತೆ ಕಟ್ಟಬೇಕು. ಪೂಜಾರಿಯಾದ ನನ್ನಪ್ಪನನ್ನು ಅಳೆಯಲು ಬಾಲಿಯಿಂದ ಮೇಸ್ತ್ರಿ ರುಂದಾ ಬಂದ ದಿನ ಅಪ್ಪ ಸಿಮೆಂಟು ತರಲು ಪೇಟೆಗೆ ಹೋಗಿದ್ದ. ಅಂಗಿ ಕಳಚಿಟ್ಟು ಅಲ್ಲಿ ಬೇರು ಕೀಳುತ್ತಿದ್ದವರು ನಿನ್ನಪ್ಪ. "ಇಲ್ಲಿ ಯಜಮಾನರು ಯಾರು?" ಅಂತ ರುಂದಾ ಕೇಳಿದ. "ನಾನೇ" ಅಂದರು, ಜಾಗ ಅವರದ್ದೇ ತಾನೇ! "ಕೈ ಚಾಚಿ" ಅಂದ, ಚಾಚಿದರು. ಮನೆಗೆ ಹೋಗಿ ನಿಮ್ಮಮ್ಮನ ಮುಂದೆ, "ಹೊಸ ಅಂಗಿ ಹೊಲಿಸ್ತಾರೆ ಕಣೇ ನಂಗೆ, ಅಳತೆ ತಗೊಂಡ್ರು" ಎಂದು ಬೀಗಿದರಂತೆ.

ಅಂಗಿ ಬರಲಿಲ್ಲ. ರಂಜಾನ್ ನಡುವೆ ಅವರೇ ಹೊರಟುಹೋದರು.

ಆಮೇಲೆ ಹೆಬ್ಬಾಗಿಲಿನ ಎರಡು ಗೋಡೆ ಎದ್ದವು. ಅವುಗಳ ನಡುವಿನ ಅಗಲ ಸರಿಯಾಗಿ ಒಂದು ಮಾರು, ಅಂದರೆ ಚಾಚಿದ ಎರಡು ಕೈಯಷ್ಟು ಇರಬೇಕು. ನಡುವೆ ನಿಂತು ನನ್ನಪ್ಪ ಕೈ ಚಾಚಿದರೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಖಾಲಿ! ಮೊದಲು ಎಲ್ಲರೂ ನಕ್ಕರು. ರುಂದಾ ಮಾತ್ರ ಬಿಳಿಚಿಕೊಂಡು, "ನಾನು ಅಳೆದಿದ್ದು ಆ ಉದ್ದನೆಯವರನ್ನ" ಅಂದ. ಅಳತೆ ತಪ್ಪಿದ ಬಾಗಿಲಲ್ಲಿ ದೇವರು ಬರುವುದಿಲ್ಲ, ಒಡೆಯಿರಿ ಎಂದರು ಹಿರಿಯರು. ನಾನು ಜಗಳಕ್ಕೇ ನಿಂತೆ, ನನ್ನ ಮಾತು ಯಾರು ಕೇಳುತ್ತಾರೆ! ಮನಸ್ಸಿಲ್ಲದ ಮನಸ್ಸಿನಿಂದ ಅಪ್ಪನೇ ಹಾರೆ ತಂದ.

ಅವತ್ತು ನಿಮ್ಮ ಹಬ್ಬ. ಅಂಥ ದುಃಖದಲ್ಲೂ ನಿಮ್ಮಮ್ಮ ಪ್ರತಿ ವರ್ಷದ ಹಾಗೆ ನಮಗಾಗಿ ತೆಂಗಿನಗರಿಯಲ್ಲಿ ಬೇಯಿಸಿದ ಅನ್ನ, ಕೋಳಿಸಾರು ಹಿಡಿದು ಬಂದರು. ವಿಷಯ ಕೇಳಿ ತಟ್ಟೆ ಕೆಳಗಿಟ್ಟರು. ಎರಡು ಗೋಡೆಗಳ ನಡುವೆ ಹೋಗಿ ನಿಂತು ಆ ಕಡೆ ಈ ಕಡೆ ನೋಡಿ, "ಹೌದು, ಇಷ್ಟೇ ಇದ್ರು" ಅಂದರು. ಆಮೇಲೆ ನನ್ನಪ್ಪನಿಗೆ, "ನಿಮ್ಮ ಶಾಸ್ತ್ರ ಕೆಡೋದು ಬೇಡ, ಒಡೀರಿ ಅಣ್ಣಾ. ಸ್ವಲ್ಪ ಹೊತ್ತು ನಿಂತ್ಕೊಂಡು ಹೋಗ್ತೀನಿ, ಅಷ್ಟೇ."

ಅಪ್ಪ ಹಾರೆ ಬಿಸಾಕಿದ. "ನೋಡ್ಕೊಳ್ಳೋನ ಅಳತೆ ಅಂತ ತಾನೇ ಶಾಸ್ತ್ರ? ಈ ಜಾಗಾನ ನನಗಿಂತ ಚೆನ್ನಾಗಿ ನೋಡ್ಕೊಂಡೋನು ಅವನು. ರುಂದಾ, ನೀನು ಅಳೆದಿದ್ದು ಸರಿಯಾದವನನ್ನೇ. ಇನ್ನು ಯಾರಾದ್ರೂ ಇದನ್ನ ಮುಟ್ಟಿದ್ರೆ ನೋಡಿ!" ಎಂದು ಗದರಿದ. ಒಬ್ಬಿಬ್ಬರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ.

ರಜೆ ಸಿಕ್ಕ ದಿನ ಬಾ, ಲಾಸ್ತ್ರಿ. ನೀನು ಕೈಮುಗಿಯಬೇಕಿಲ್ಲ, ಒಳಗೂ ಬರಬೇಕಿಲ್ಲ. ಬಾಗಿಲ ನಡುವೆ ಸುಮ್ಮನೆ ನಿಂತುಕೋ. ನಿನ್ನಪ್ಪ ಕೈ ಚಾಚಿಕೊಂಡೇ ಇದ್ದಾರೆ.

ನಿನ್ನ ದೇವರು, ನನ್ನ ದೇವರು ಇಬ್ಬರೂ ಸೇರಿ ನಿನ್ನನ್ನು ಸುಖವಾಗಿ ಊರು ಮುಟ್ಟಿಸಲಿ.

ದಾರಿ ನೋಡುತ್ತಿರುವ ಗೆಳತಿ,
ಕೇತುತ್